ವೈಫೈ ನಿಧಾನವೇ? ಆಗಾಗ ಕಡಿತವೇ? ಮನೆಯಲ್ಲಿ ಕಂಪ್ಯೂಟರ್ ಬಳಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವೈಫೈ ಕೈಕೊಟ್ಟ ಕೂಡಲೇ ಬಹಳ ಜನ ದೊಡ್ಡ ಪ್ಲಾನ್‌ಗೆ ಹೋಗುತ್ತಾರೆ, ಇಲ್ಲವೇ ಹೊಸ ರೌಟರ್ ತರುತ್ತಾರೆ. ದುಡ್ಡು ಬಿಚ್ಚುವ ಮೊದಲು ತೊಂದರೆ ಎಲ್ಲಿದೆ ಎಂದು ಪತ್ತೆ ಮಾಡಬೇಕು. ಅದು ಹೊರಗಿನಿಂದ ಬರುವ ಲೈನಿನಲ್ಲಿರಬಹುದು, ರೌಟರಿನಲ್ಲಿರಬಹುದು, ರೌಟರ್‌ಗೂ ಕಂಪ್ಯೂಟರ್‌ಗೂ ನಡುವಿನ ಗಾಳಿಯಲ್ಲಿರಬಹುದು, ಕಂಪ್ಯೂಟರಿನ ಒಳಗೇ ಇರಬಹುದು. ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಇಲ್ಲಿನ ಹೆಚ್ಚಿನ ಹಂತಗಳು ವಿಂಡೋಸ್ 10 ಮತ್ತು 11ಕ್ಕೆ. ಕಮಾಂಡ್‌ಗಳನ್ನು ಓದಲು ಅನುಕೂಲವಾಗಲೆಂದು ಕನ್ನಡದಲ್ಲಿ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ತೊಂದರೆ ಲೈನಿನದ್ದೋ ವೈಫೈದ್ದೋ ಅಂತ ಕಂಡುಹಿಡಿಯೋದು ಹೇಗೆ?

ಎಲ್ಲಕ್ಕಿಂತ ನಂಬಿಕಸ್ಥ ಪರೀಕ್ಷೆಗೆ ಒಂದು ಲ್ಯಾನ್ ಕೇಬಲ್ ಸಾಕು. ರೌಟರಿನ ಹಿಂದಿನ ಲ್ಯಾನ್ ಪೋರ್ಟಿನಿಂದ ಕಂಪ್ಯೂಟರಿಗೆ ನೇರ ಕೇಬಲ್ ಹಾಕಿ, ವೈಫೈ ಆಫ್ ಮಾಡಿ, ಮನೆಯ ಉಳಿದ ಫೋನು, ಟಿವಿಗಳನ್ನು ಕೆಲ ನಿಮಿಷ ನೆಟ್‌ನಿಂದ ಬಿಡಿಸಿ, ಸ್ಪೀಡ್ ಟೆಸ್ಟ್ ಮಾಡಿ. ಕೇಬಲ್‌ನಲ್ಲಿ ಪ್ಲಾನಿನ ವೇಗ ಬಂದರೆ ಲೈನು ಸರಿಯಿದೆ, ನೋಡಬೇಕಾದ್ದು ವೈಫೈಯನ್ನು. ಕೇಬಲ್‌ನಲ್ಲೂ ನಿಧಾನವಿದ್ದರೆ ರೌಟರ್ ಜಾಗ ಬದಲಿಸಿ, ಚಾನೆಲ್ (ವೈಫೈ ಓಡುವ ರೇಡಿಯೋ ದಾರಿ) ಬದಲಿಸಿ ಪ್ರಯೋಜನವಿಲ್ಲ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಪೋರ್ಟ್ ಇರುವುದಿಲ್ಲ. ಯುಎಸ್‌ಬಿಯಿಂದ ಲ್ಯಾನ್‌ಗೆ ಬದಲಿಸುವ ಗಿಗಾಬಿಟ್ ಅಡಾಪ್ಟರನ್ನು ಯಾರಿಂದಲಾದರೂ ಒಂದು ದಿನಕ್ಕೆ ತಂದುಕೊಳ್ಳಿ.

ಕೇಬಲ್ ಸಿಗದಿದ್ದರೆ ಪಿಂಗ್ ಇದೆ, ಅಂದರೆ ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಎಷ್ಟು ಬೇಗ ಬರುತ್ತದೆ ಎಂದು ಅಳೆಯುವುದು. ಕಮಾಂಡ್ ಪ್ರಾಂಪ್ಟ್ (ಸ್ಟಾರ್ಟ್ ಮೆನುವಿನಲ್ಲಿ cmd ಎಂದು ಹುಡುಕಿದರೆ ಸಿಗುವ ಕಿಟಕಿ) ತೆರೆದು ಪಿಂಗ್ ಎಂದು ಬರೆದು, ಜಾಗ ಬಿಟ್ಟು ರೌಟರಿನ ವಿಳಾಸ ಬರೆಯಿರಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1. ಮತ್ತೆ ಜಾಗ ಬಿಟ್ಟು, ಅಡ್ಡಗೆರೆಯ ಜತೆ ಟಿ ಅಕ್ಷರ ಸೇರಿಸಿ ಎಂಟರ್ ಒತ್ತಿ. ಇನ್ನೊಂದು ಕಿಟಕಿಯಲ್ಲಿ ಇದೇ ರೀತಿ 8.8.8.8ಕ್ಕೆ (ಹೊರಗಿನ ಇಂಟರ್‌ನೆಟ್ಟಿನಲ್ಲಿರುವ ಗೂಗಲ್‌ನ ಸರ್ವರ್) ಪಿಂಗ್ ಕೊಡಿ. ಎರಡನ್ನೂ ಹತ್ತು ನಿಮಿಷ ಓಡಲು ಬಿಟ್ಟು, ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ. ರೌಟರಿಗೆ ಉತ್ತರ 1ರಿಂದ 5 ಮಿಲಿಸೆಕೆಂಡಿನಲ್ಲಿ ಬರುತ್ತಿದ್ದು 8.8.8.8ಕ್ಕೆ ಮಾತ್ರ ತಪ್ಪುತ್ತಿದ್ದರೆ ದೋಷ ಹೊರಗಿನ ಲೈನಿನದ್ದು. ರೌಟರಿಗೇ 100, 300 ಎಂದು ಜಿಗಿಯುತ್ತಿದ್ದರೆ ಅಥವಾ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಬರುತ್ತಿದ್ದರೆ ದೋಷ ಮನೆಯೊಳಗಿನದ್ದು. ನೆಟ್ ಕೊಡುವ ಕಂಪನಿಯವರನ್ನು ಕರೆಸಿ ಉಪಯೋಗವಿಲ್ಲ.

ಪ್ಲಾನ್ 100 ಎಂಬಿಪಿಎಸ್ ಅಂತಾರೆ, ಫೈಲ್ ಇಳಿಸುವಾಗ 12 ಅಂತ ಮಾತ್ರ ತೋರಿಸತ್ತೆ. ಮೋಸವಾ?

ಅಲ್ಲ. ಪ್ಲಾನಿನ ಲೆಕ್ಕ ಮೆಗಾಬಿಟ್‌ನಲ್ಲಿ, ಡೌನ್‌ಲೋಡ್ ಕಿಟಕಿಯ ಲೆಕ್ಕ ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ನಿಮಗೆ ಪೂರ್ತಿ ವೇಗ ಸಿಗುತ್ತಿದೆ.

ಫೋನಿನಲ್ಲಿ 200 ಬರತ್ತೆ, ಅದೇ ಜಾಗದಲ್ಲಿ ಲ್ಯಾಪ್‌ಟಾಪಿನಲ್ಲಿ 40 ದಾಟಲ್ಲ. ಯಾಕೆ?

ಲ್ಯಾಪ್‌ಟಾಪಿನೊಳಗಿನ ವೈಫೈ ಕಾರ್ಡ್ ಹಳೆಯದು ಅಥವಾ ಅಗ್ಗದ್ದು. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಬಹಳ ಕಾಲ, ವೈಫೈನ 2.4 ಮತ್ತು 5 ಗಿಗಾಹರ್ಟ್ಸ್ ಬ್ಯಾಂಡ್‌ಗಳಲ್ಲಿ 2.4 ಮಾತ್ರ ಹಿಡಿಯುವ, ಒಂದೇ ಆಂಟೆನಾದ ‘ಎನ್’ (802.11ಎನ್ ಎಂಬ ಹಳೆಯ ವೈಫೈ ಪೀಳಿಗೆ) ಕಾರ್ಡ್‌ಗಳನ್ನು ಹಾಕುತ್ತಿದ್ದರು. 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಅದರ ಗರಿಷ್ಠ ಲಿಂಕ್ ಸ್ಪೀಡ್ (ಕಾರ್ಡಿಗೂ ರೌಟರಿಗೂ ನಡುವಿನ ಲೆಕ್ಕದ ವೇಗ) 72 ಎಂಬಿಪಿಎಸ್. ವೈಫೈನಲ್ಲಿ ಕೈಗೆ ಸಿಗುವುದು ಲಿಂಕ್ ಸ್ಪೀಡಿನ ಸುಮಾರು ಅರ್ಧ. ಒಂದೇ ಗಾಳಿಯಲ್ಲಿ ಕಳಿಸುವುದೂ ಪಡೆಯುವುದೂ ಸರದಿಯ ಮೇಲೆ ನಡೆಯುತ್ತದೆ, ಪ್ರತಿ ತುಣುಕಿಗೂ ‘ತಲುಪಿತು’ ಎಂಬ ಉತ್ತರ ಬರಬೇಕು. ಹಾಗಾಗಿ 72 ಇದ್ದಲ್ಲಿ 35ರಿಂದ 45 ಸಿಕ್ಕರೆ ಅದೇ ಮಿತಿ. 500ರ ಪ್ಲಾನ್ ಹಾಕಿಸಿದರೂ ಈ ಕಾರ್ಡಿನಲ್ಲಿ ಅಷ್ಟೇ ಬರುತ್ತದೆ.

ಕಾರ್ಡ್ ಯಾವುದು ಎಂದು ನೋಡಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್‌ಎಸ್‌ಎಚ್, ಡಬ್ಲ್ಯುಎಲ್‌ಎಎನ್, ಶೋ, ಡ್ರೈವರ್ಸ್ ಎಂಬ ನಾಲ್ಕು ಪದಗಳನ್ನು (netsh wlan show drivers) ಒಂದೊಂದು ಜಾಗ ಬಿಟ್ಟು ಬರೆಯಿರಿ. ಬರುವ ಪಟ್ಟಿಯಲ್ಲಿ ರೇಡಿಯೋ ಟೈಪ್ಸ್ ಎಂಬ ಸಾಲಿನಲ್ಲಿ 802.11ಎಸಿ ಅಥವಾ ಎಎಕ್ಸ್ ಇದ್ದರೆ 5 ಗಿಗಾಹರ್ಟ್ಸ್ ಹಿಡಿಯುತ್ತದೆ. ಬಿ, ಜಿ, ಎನ್ ಮಾತ್ರ ಇದ್ದು ‘ಎ’ ಇಲ್ಲದಿದ್ದರೆ ಹಿಡಿಯುವುದಿಲ್ಲ.

ಸುಲಭ ಪರಿಹಾರ ಎರಡೂ ಬ್ಯಾಂಡ್ ಹಿಡಿಯುವ ಯುಎಸ್‌ಬಿ ವೈಫೈ ಅಡಾಪ್ಟರ್. ಒಳಗಿನ ಕಾರ್ಡನ್ನೇ ಬದಲಿಸುವುದಾದರೆ ಎಂ.2 ಸ್ಲಾಟ್ ಇದೆಯೇ ನೋಡಿ. ಇಂಟೆಲ್ ಎಎಕ್ಸ್210 ಮಾದರಿ ಎಎಂಡಿ ಯಂತ್ರಗಳಲ್ಲೂ ಓಡುತ್ತದೆ. ಹೆಸರಿನಲ್ಲಿ ಒಂದೇ ಅಂಕಿ ವ್ಯತ್ಯಾಸವಿರುವ ಎಎಕ್ಸ್211 ಕೆಲವು ಇಂಟೆಲ್ ಯಂತ್ರಗಳಲ್ಲಿ ಮಾತ್ರ ಓಡುತ್ತದೆ. ಅಂಗಡಿಯಲ್ಲಿ ಇವೆರಡು ಅದಲುಬದಲಾಗದಂತೆ ನೋಡಿಕೊಳ್ಳಿ.

ವೈಫೈ ಗುರುತು ಪೂರ್ತಿ ಕಡ್ಡಿ ತೋರಿಸತ್ತೆ, ಆದರೂ ನಿಧಾನ.

ಕಡ್ಡಿ ಹೇಳುವುದು ರೌಟರಿನ ಸದ್ದು ಎಷ್ಟು ಜೋರಾಗಿ ಕೇಳುತ್ತಿದೆ ಎಂದಷ್ಟೇ. ಅಕ್ಕಪಕ್ಕದ ಗದ್ದಲ ಎಷ್ಟಿದೆ ಎಂದು ಅದು ಹೇಳುವುದಿಲ್ಲ. ಸರಿಯಾದ ಅಂಕಿ ಬೇಕಿದ್ದರೆ ಮೇಲಿನ ಕಮಾಂಡಿನಲ್ಲಿ ಡ್ರೈವರ್ಸ್ ಬದಲು ಇಂಟರ್‌ಫೇಸಸ್ ಎಂದು ಬರೆಯಿರಿ. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಿ ಇದಕ್ಕೆ ಲೊಕೇಶನ್ ಆನ್ ಇರಬೇಕು, ಇಲ್ಲದಿದ್ದರೆ ಅನುಮತಿಯಿಲ್ಲ ಎನ್ನುತ್ತದೆ.

ಅಲ್ಲಿ ನಾಲ್ಕು ಸಾಲು ನೋಡಿ: ಚಾನೆಲ್, ರೇಡಿಯೋ ಟೈಪ್, ರಿಸೀವ್ ರೇಟ್, ಸಿಗ್ನಲ್. ಸಿಗ್ನಲ್ ಶೇಕಡಾದಲ್ಲಿರುತ್ತದೆ. ಅದನ್ನು ಅರ್ಧ ಮಾಡಿ ನೂರು ಕಳೆದರೆ ಡಿಬಿಎಂ ಲೆಕ್ಕ ಸಿಗುತ್ತದೆ. ಇದು ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಅಂದರೆ ಶೇ 80 ಎಂದರೆ -60, ಶೇ 60 ಎಂದರೆ -70. ವಿಡಿಯೋ ಕಾಲ್ ನಿಲ್ಲದೆ ಓಡಲು -67 ಅಥವಾ ಅದಕ್ಕಿಂತ ಒಳ್ಳೆಯ ಸಿಗ್ನಲ್ ಬೇಕು. -75ರ ಹೊತ್ತಿಗೆ ತಡವರಿಕೆ ಶುರು. -80ರಲ್ಲಿ ಹೆಸರು ಕಾಣುತ್ತದೆ, ಕೆಲಸ ಆಗುವುದಿಲ್ಲ. ಸಿಗ್ನಲ್ -50 ಇದ್ದೂ ವೇಗವಿಲ್ಲದಿದ್ದರೆ ಚಾನೆಲ್ ತುಂಬಿ ಹೋಗಿದೆ ಅಥವಾ ಸೆಟ್ಟಿಂಗ್‌ನಲ್ಲಿ ದೋಷವಿದೆ.

ಒಂದು ಸೆಟ್ಟಿಂಗ್ ಬಹಳ ಮನೆಗಳಲ್ಲಿ ಸದ್ದಿಲ್ಲದೆ ವೇಗ ತಿನ್ನುತ್ತಿರುತ್ತದೆ. ರಿಸೀವ್ ರೇಟ್ 54ಕ್ಕೆ ಅಂಟಿಕೊಂಡಿದ್ದರೆ ಬ್ರೌಸರಿನಲ್ಲಿ ರೌಟರಿನ ವಿಳಾಸ ಬರೆದು, ಲಾಗಿನ್ ಆಗಿ, ಅದರ ಸೆಕ್ಯುರಿಟಿ ಪುಟ ತೆರೆಯಿರಿ. ಅಲ್ಲಿ ಡಬ್ಲ್ಯುಇಪಿ ಅಥವಾ ಟಿಕೆಐಪಿ ಎಂಬ ಹಳೆಯ ಭದ್ರತಾ ವಿಧಾನ ಇದ್ದರೆ ‘ಎನ್’ ಮತ್ತು ನಂತರದ ವೇಗಗಳು ಕೆಲಸವೇ ಮಾಡುವುದಿಲ್ಲ. ನಿಯಮವೇ ಹಾಗಿದೆ. ಡಬ್ಲ್ಯುಪಿಎ2, ಎಇಎಸ್ ಎಂದು ಬದಲಿಸಿ. ವೇಗವೂ ಬರುತ್ತದೆ, ಭದ್ರತೆಯೂ.

ರೌಟರ್ ಎಲ್ಲಿಡಬೇಕು?

ನಮ್ಮಲ್ಲಿ ರೌಟರಿನ ಜಾಗ ನಿರ್ಧರಿಸುವವರು ಫೈಬರ್ ಎಳೆಯಲು ಬಂದ ಹುಡುಗರು. ಕೇಬಲ್ ಒಳಗೆ ಬಂದ ತೂತಿನ ಪಕ್ಕದಲ್ಲೇ, ಅಂದರೆ ಬಾಗಿಲ ಹತ್ತಿರದ ಚಪ್ಪಲಿ ಸ್ಟ್ಯಾಂಡಿನ ಮೇಲೋ ಟಿವಿಯ ಹಿಂದೆಯೋ ಅದನ್ನು ಕೂರಿಸಿ ಹೋಗುತ್ತಾರೆ. ಟಿವಿಯ ಹಿಂದಿನ ಲೋಹದ ತಗಡು ಒಂದು ಇಡೀ ದಿಕ್ಕನ್ನೇ ಮುಚ್ಚುತ್ತದೆ. ಕೇಬಲ್ ಹಾಕುವ ದಿನವೇ ‘ಇನ್ನು ಹತ್ತು ಮೀಟರ್ ಒಳಗೆ ಎಳೆಯಿರಿ’ ಎಂದು ಕೇಳಿ. ಆಮೇಲೆ ಮಾಡಿಸುವುದು ಕಷ್ಟ.

ಮನೆಯ ನಡುವೆ, ಎದೆಯ ಎತ್ತರಕ್ಕಿಂತ ಮೇಲೆ, ಸುತ್ತ ಒಂದಡಿ ಖಾಲಿ ಇರುವಂತೆ ಇಡಿ. ಕಬ್ಬಿಣದ ಬೀರು, ಫ್ರಿಜ್, ನಿಲುವುಗನ್ನಡಿ, ಮೀನಿನ ತೊಟ್ಟಿ ಇವು ರೌಟರ್ ಮತ್ತು ಕಂಪ್ಯೂಟರಿನ ನೇರ ಗೆರೆಯಲ್ಲಿ ಬರಬಾರದು. ಲೋಹ ಅಲೆಗಳನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಹೀರಿಕೊಳ್ಳುತ್ತದೆ. ಕನ್ನಡಿಯ ಹಿಂಬದಿಯಲ್ಲೂ ಲೋಹದ ಲೇಪವಿರುತ್ತದೆ.

ಗೋಡೆಗಳಲ್ಲೂ ವ್ಯತ್ಯಾಸವಿದೆ. ನಾಲ್ಕಿಂಚಿನ ಇಟ್ಟಿಗೆ ಗೋಡೆ ಒಂದೆರಡು ಇದ್ದರೆ 5 ಗಿಗಾಹರ್ಟ್ಸ್ ದಾಟುತ್ತದೆ. ಕರಾವಳಿಯ ಕೆಂಪುಕಲ್ಲಿನ ಗೋಡೆ, ಮಲೆನಾಡಿನ ಹಳೆ ಮನೆಗಳ ದಪ್ಪ ಮಣ್ಣಿನ ಗೋಡೆ, ಬಯಲುಸೀಮೆಯ ಸೈಜುಗಲ್ಲಿನ ಗೋಡೆ ಇವು ಒಂದೇ ಸಾಕು, 5 ಗಿಗಾಹರ್ಟ್ಸ್ ಆಚೆಗೆ ಹೋಗುವಷ್ಟರಲ್ಲಿ ಬಸವಳಿದಿರುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ಗೋಡೆ ಇನ್ನಷ್ಟು ತಿನ್ನುತ್ತದೆ. ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಛಾವಣಿಯೂ ಅಷ್ಟೇ. ಮಹಡಿ ಮೇಲಿನ ರೂಮಿಗೆ ಸಿಗ್ನಲ್ ಹೋಗುವುದು ಹೆಚ್ಚಾಗಿ ಮೆಟ್ಟಿಲಿನ ತೆರಪಿನಿಂದ. ಹಾಗಾಗಿ ರೌಟರ್ ಮೆಟ್ಟಿಲ ಬಳಿ ಇದ್ದರೆ ಎರಡೂ ಮಹಡಿಗೆ ಲಾಭ. ಕಡ್ಡಿಯಂಥ ಆಂಟೆನಾ ಹೆಚ್ಚು ಹರಡುವುದು ತನ್ನ ಬದಿಗಳಿಗೆ, ತುದಿಯ ದಿಕ್ಕಿಗಲ್ಲ. ಒಂದೇ ಮಹಡಿಯ ಮನೆಯಾದರೆ ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿ, ಎರಡು ಮಹಡಿಯಿದ್ದರೆ ಒಂದನ್ನು ಮಲಗಿಸಿ.

2.4 ಅಥವಾ 5 ಗಿಗಾಹರ್ಟ್ಸ್, ಯಾವುದಕ್ಕೆ ಸೇರಬೇಕು?

ರೌಟರ್ ಇರುವ ರೂಮಿನಲ್ಲಿ ಅಥವಾ ಪಕ್ಕದ ರೂಮಿನಲ್ಲಿ ಕೂರುವವರಿಗೆ 5. ದೂರದ ರೂಮಿಗೆ, ದಪ್ಪ ಗೋಡೆಯಾಚೆಗೆ 2.4. ಎರಡೂ ಒಂದೇ ಹೆಸರಿನಲ್ಲಿದ್ದರೆ ಕೆಲವು ಲ್ಯಾಪ್‌ಟಾಪ್‌ಗಳು ನಿಧಾನದ್ದಕ್ಕೇ ಅಂಟಿಕೊಳ್ಳುತ್ತವೆ. ರೌಟರಿನಲ್ಲಿ ಎರಡಕ್ಕೂ ಬೇರೆ ಹೆಸರು ಕೊಟ್ಟು, ಕಂಪ್ಯೂಟರಿನಲ್ಲಿ 5ರದ್ದನ್ನು ಮಾತ್ರ ಉಳಿಸಿ, ಇನ್ನೊಂದನ್ನು ‘ಫರ್ಗೆಟ್’ ಮಾಡಿ.

ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತು ಮೂವತ್ತು ವೈಫೈ ಹೆಸರು ಕಾಣತ್ತೆ. ಯಾವ ಚಾನೆಲ್ ಇಡಬೇಕು?

2.4ರಲ್ಲಿ ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳಿವೆ, ಆದರೆ ಒಂದರ ಮೇಲೊಂದು ಬೀಳದಿರುವುದು 1, 6, 11 ಮಾತ್ರ. 3 ಅಥವಾ 9 ಖಾಲಿ ಕಾಣುತ್ತಿದೆಯೆಂದು ಅಲ್ಲಿ ಹೋಗಿ ಕೂತರೆ ಎರಡೂ ಕಡೆಯವರ ಗದ್ದಲ ಬೀಳುತ್ತದೆ. ಒಂದೇ ಚಾನೆಲ್‌ನಲ್ಲಿರುವ ರೌಟರ್‌ಗಳು ಒಂದರ ಮಾತು ಇನ್ನೊಂದು ಕೇಳಿ ಸರದಿ ಕಾಯುತ್ತವೆ. ಅರ್ಧಂಬರ್ಧ ಮೇಲೆ ಬಿದ್ದವು ಕಾಯುವುದಿಲ್ಲ, ಒಟ್ಟಿಗೇ ಮಾತಾಡಿ ಎರಡರ ಮಾತನ್ನೂ ಕೆಡಿಸುತ್ತವೆ. ಆಂಡ್ರಾಯ್ಡ್ ಫೋನಿನಲ್ಲಿ ಯಾವುದಾದರೂ ವೈಫೈ ಅನಲೈಸರ್ ಆಪ್ ಹಾಕಿ, 1, 6, 11ರಲ್ಲಿ ಯಾವುದರ ಮೇಲೆ ಜೋರಾದ ಸಿಗ್ನಲ್‌ಗಳು ಕಡಿಮೆಯೋ ಅದನ್ನು ಆರಿಸಿ. ಚಾನೆಲ್ ಅಗಲ 20ಕ್ಕೆ ಇಡಿ. 40 ಮಾಡಿದರೆ ಇರುವ ಜಾಗದಲ್ಲಿ ಅರ್ಧವನ್ನು ನೀವೊಬ್ಬರೇ ತುಂಬಿದಂತೆ, ಅಪಾರ್ಟ್‌ಮೆಂಟಿನಲ್ಲಿ ನಿಮಗೂ ಅದರಿಂದ ನಷ್ಟವೇ.

ಕಂಪ್ಯೂಟರ್ 5 ಹಿಡಿಯುವುದಾದರೆ ಇದಿಷ್ಟೂ ತಲೆನೋವು ಬೇಡ. 36ರಿಂದ 48 ಅಥವಾ 149ರಿಂದ 161ರ ಗುಂಪಿನಲ್ಲಿ, 80 ಮೆಗಾಹರ್ಟ್ಸ್ ಅಗಲದಲ್ಲಿ ಇಡಿ.

5 ಗಿಗಾಹರ್ಟ್ಸ್ ಹೆಸರು ಇದ್ದಕ್ಕಿದ್ದಂತೆ ಒಂದು ನಿಮಿಷ ಮಾಯವಾಗಿ ಮತ್ತೆ ಬರತ್ತೆ.

ರೌಟರ್ 52ರಿಂದ 144ರೊಳಗಿನ ಚಾನೆಲ್‌ನಲ್ಲಿ ಇರಬಹುದು. ಈ ಜಾಗವನ್ನು ಹವಾಮಾನ ರಾಡಾರ್‌ನಂಥ ಯಂತ್ರಗಳ ಜತೆ ಹಂಚಿಕೊಳ್ಳಬೇಕು. ರಾಡಾರ್‌ನಂಥ ಸದ್ದು ಕೇಳಿದರೆ ರೌಟರ್ ಕೂಡಲೇ ಜಾಗ ಖಾಲಿ ಮಾಡುತ್ತದೆ. ಇಂಥದೇ ಇನ್ನೊಂದು ಚಾನೆಲ್‌ಗೆ ಹೋದರೆ ಮಾತಾಡುವ ಮೊದಲು ಕನಿಷ್ಠ 60 ಸೆಕೆಂಡು ಸುಮ್ಮನೆ ಕೇಳಿಸಿಕೊಳ್ಳಬೇಕು. ಕೆಲವು ಚಾನೆಲ್‌ಗಳಲ್ಲಿ ಹತ್ತು ನಿಮಿಷ. ‘ಆಟೋ’ ಬಿಟ್ಟು 36 ಅಥವಾ 149 ಎಂದು ಕೈಯಾರೆ ಹಾಕಿ. ನಿಂತುಹೋಗುತ್ತದೆ.

ಡೆಸ್ಕ್‌ಟಾಪ್‌ಗೆ ಯುಎಸ್‌ಬಿ ಡಾಂಗಲ್ ಹಾಕಿದ್ದೇವೆ. ಆಗಾಗ ಕಟ್ ಆಗತ್ತೆ.

ಡಾಂಗಲ್ ಸಿಪಿಯು ಡಬ್ಬದ ಹಿಂದೆ ಚುಚ್ಚಿದ್ದೀರಾ? ಮುಂದೆ ಕಬ್ಬಿಣದ ಡಬ್ಬ, ಹಿಂದೆ ಗೋಡೆ, ಮೇಜಿನ ಕೆಳಗೆ ಕತ್ತಲು. ಅದಕ್ಕಿಂತ ಕೆಟ್ಟ ಜಾಗ ಆಂಟೆನಾಕ್ಕೆ ಇಲ್ಲ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ತಂದು ಡಾಂಗಲನ್ನು ಮೇಜಿನ ಮೇಲೆ ತನ್ನಿ. ಇಷ್ಟರಿಂದಲೇ ಸಿಗ್ನಲ್ 10 ಡಿಬಿ ಆಸುಪಾಸು ಸುಧಾರಿಸುವುದು ಅಪರೂಪವಲ್ಲ.

ಇನ್ನೊಂದು ಕಾರಣ ಕಣ್ಣಿಗೆ ಬೀಳುವುದಿಲ್ಲ. ಯುಎಸ್‌ಬಿ 3 ಪೋರ್ಟು, ಅದಕ್ಕೆ ಹಾಕಿದ ಹಾರ್ಡ್ ಡಿಸ್ಕು, ಅದರ ಕೇಬಲ್ಲು ಇವು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್‌ನ ಸುತ್ತಲೇ ಗದ್ದಲ ಎಬ್ಬಿಸುತ್ತವೆ. ಇದನ್ನು ಇಂಟೆಲ್ 2012ರಲ್ಲೇ ಅಳೆದು ಪ್ರಕಟಿಸಿದೆ. ಹಾರ್ಡ್ ಡಿಸ್ಕ್‌ಗೆ ಫೈಲ್ ಹಾಕುವಾಗಲೇ ವೈಫೈ ಸಾಯುತ್ತಿದ್ದರೆ, ವೈರ್‌ಲೆಸ್ ಮೌಸ್ ಕೂಡ ಅದೇ ಹೊತ್ತಿಗೆ ತಡವರಿಸುತ್ತಿದ್ದರೆ ಕಾರಣ ಇದೇ. 2.4ರ ಡಾಂಗಲನ್ನು ನೀಲಿ ಪೋರ್ಟಿನಿಂದ ತೆಗೆದು ಕಪ್ಪು ಬಣ್ಣದ ಯುಎಸ್‌ಬಿ 2 ಪೋರ್ಟಿಗೆ ಹಾಕಿ, ಡಿಸ್ಕಿನಿಂದ ದೂರ ಇಡಿ. ಅಥವಾ 5ಕ್ಕೆ ಹೋಗಿ.

ಅಡುಗೆಮನೆಯಲ್ಲಿ ಮೈಕ್ರೋವೇವ್ ಹಾಕಿದಾಗ ನೆಟ್ ನಿಲ್ಲತ್ತೆ. ನಿಜವಾಗ್ಲೂ ಅದೇ ಕಾರಣವಾ?

ಹೌದು. ಓವನ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ. ಸೋರುವುದು ಆರೋಗ್ಯಕ್ಕೆ ಹಾನಿಯಿಲ್ಲದಷ್ಟು ಅಲ್ಪ, ಆದರೆ ವೈಫೈ ಸಿಗ್ನಲ್ ಅದಕ್ಕಿಂತಲೂ ಕ್ಷೀಣ. 5ಕ್ಕೆ ಬದಲಿಸಿ. ಆಗದಿದ್ದರೆ 1ನೇ ಚಾನೆಲ್ ಸ್ವಲ್ಪ ವಾಸಿ.

ಲ್ಯಾಪ್‌ಟಾಪ್ ಮಲಗಿಸಿ ಎಬ್ಬಿಸಿದ ಮೇಲೆ ವೈಫೈ ಸಿಗಲ್ಲ, ಅಥವಾ ಸುಮ್ಮನೆ ಕೂತಿದ್ದಾಗ ಬಿಟ್ಟುಹೋಗತ್ತೆ.

ವಿದ್ಯುತ್ ಉಳಿಸಲು ವಿಂಡೋಸ್ ಕಾರ್ಡನ್ನೇ ಮಲಗಿಸುತ್ತಿದೆ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ವೈಫೈ ಕಾರ್ಡಿನ ಪ್ರಾಪರ್ಟೀಸ್‌ಗೆ ಹೋಗಿ, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ‘ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು’ ಎಂಬರ್ಥದ ಗುರುತನ್ನು ತೆಗೆಯಿರಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಪುಟವೇ ಇರುವುದಿಲ್ಲ. ಅಲ್ಲಿ ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದ ವೈಫೈ ಡ್ರೈವರ್ ತಂದು ಹಾಕಬೇಕು.

ತೊಂದರೆ ವಿಂಡೋಸ್ ಅಪ್‌ಡೇಟ್ ಆದ ಮರುದಿನ ಶುರುವಾಗಿದ್ದರೆ ಅದೇ ಪ್ರಾಪರ್ಟೀಸ್‌ನ ಡ್ರೈವರ್ ಪುಟದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ.

ಕಡಿತದ ಕಾರಣ ತಿಳಿಯದಿದ್ದರೆ ವಿಂಡೋಸೇ ಬರೆದಿಟ್ಟ ಲೆಕ್ಕ ತೆಗೆಯಬಹುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೊದಲಿನ ನೆಟ್‌ಎಸ್‌ಎಚ್ ಕಮಾಂಡಿನ ಕೊನೆಯ ಪದದ ಜಾಗದಲ್ಲಿ ಡಬ್ಲ್ಯುಲ್ಯಾನ್‌ರಿಪೋರ್ಟ್ (wlanreport) ಎಂದು ಒಂದೇ ಪದವಾಗಿ ಬರೆಯಿರಿ. ಕಳೆದ ಮೂರು ದಿನಗಳಲ್ಲಿ ಎಷ್ಟು ಹೊತ್ತಿಗೆ, ಏಕೆ ಸಂಪರ್ಕ ತಪ್ಪಿತು ಎಂಬ ವರದಿ ತಯಾರಾಗುತ್ತದೆ, ಪರದೆ ತೋರಿಸುವ ಜಾಗದಲ್ಲಿರುವ ಆ ಫೈಲನ್ನು ಬ್ರೌಸರಿನಲ್ಲಿ ತೆರೆಯಿರಿ. ಕಡಿತದ ಹೊತ್ತಿಗೆಲ್ಲ ಲ್ಯಾಪ್‌ಟಾಪ್ ಮಲಗುತ್ತಿತ್ತೋ, ರೌಟರೇ ಬಿಟ್ಟುಕೊಟ್ಟಿತೋ ಎಂಬುದು ಅದರಲ್ಲಿ ಗೊತ್ತಾಗುತ್ತದೆ.

ವೈಫೈ ಕನೆಕ್ಟ್ ಆಗಿದೆ, ಆದರೆ ‘ನೋ ಇಂಟರ್‌ನೆಟ್’ ಅನ್ನತ್ತೆ.

ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಕೊಡಿ. ಐಪಿವಿ4 ವಿಳಾಸ 169.254 ಎಂದು ಶುರುವಾದರೆ ರೌಟರ್ ಇದಕ್ಕೆ ವಿಳಾಸ ಕೊಟ್ಟೇ ಇಲ್ಲ. ರೌಟರನ್ನು ಆರಿಸಿ ಅರ್ಧ ನಿಮಿಷ ಬಿಟ್ಟು ಹಾಕಿ. ವಿಳಾಸ ಸರಿಯಿದ್ದು, 8.8.8.8ಕ್ಕೆ ಪಿಂಗ್ ಹೋಗುತ್ತಿದ್ದು ಜಾಲತಾಣಗಳು ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಅದರ ಅಂಕಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ದೋಷ. ವೈಫೈ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಅನ್ನು ಮ್ಯಾನುಯಲ್ ಮಾಡಿ 1.1.1.1 ಮತ್ತು 8.8.8.8 ಹಾಕಿ. ಡಿಎನ್‌ಎಸ್ ಬದಲಿಸಿದರೆ ಡೌನ್‌ಲೋಡ್ ವೇಗ ಹೆಚ್ಚುತ್ತದೆ ಎಂಬ ಪ್ರಚಾರ ನಂಬಬೇಡಿ. ಪುಟ ತೆರೆಯಲು ಶುರುವಾಗುವ ಹೊತ್ತು ಮಾತ್ರ ಬದಲಾಗುತ್ತದೆ.

ಕಂಪನಿಯ ಫೈಬರ್ ಡಬ್ಬಕ್ಕೆ (ಫೈಬರ್ ಎಳೆ ಬಂದು ಸೇರುವ ಪೆಟ್ಟಿಗೆ) ನಿಮ್ಮದೇ ರೌಟರ್ ಜೋಡಿಸಿದ್ದರೆ ಇನ್ನೊಂದು ಗೊಂದಲ ಬರುತ್ತದೆ. ಎರಡರ ವಿಳಾಸವೂ 192.168.1.1 ಆಗಿದ್ದರೆ ನೆಟ್ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ನಿಮ್ಮ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ ವಿಧಾನ) ಹಾಕಿ, ಇಲ್ಲವೇ ಅದರ ವಿಳಾಸವನ್ನು 192.168.50.1 ಎಂದು ಬದಲಿಸಿ.

ನಾನು ಮೀಟಿಂಗಿನಲ್ಲಿರುವಾಗಲೇ ದನಿ ಒಡೆಯತ್ತೆ. ಸ್ಪೀಡ್ ಟೆಸ್ಟಿನಲ್ಲಿ ಮಾತ್ರ ಎಲ್ಲ ಸರಿ.

ಮನೆಯಲ್ಲಿ ಇನ್ಯಾರದೋ ಫೋನು ಫೋಟೋ, ವಿಡಿಯೋಗಳನ್ನು ಕ್ಲೌಡ್‌ಗೆ ಏರಿಸುತ್ತಿರಬಹುದು. ಅಪ್‌ಲೋಡ್ ದಾರಿ ತುಂಬಿದಾಗ ರೌಟರ್ ಬಂದದ್ದನ್ನೆಲ್ಲ ಸಾಲಿನಲ್ಲಿ ನಿಲ್ಲಿಸುತ್ತದೆ. ಟೋಲ್ ಗೇಟಿನಲ್ಲಿ ಲಾರಿಗಳ ಹಿಂದೆ ಸಿಕ್ಕ ಆಂಬುಲೆನ್ಸ್‌ನಂತೆ ನಿಮ್ಮ ದನಿ ಕಾಯುತ್ತದೆ. 8.8.8.8ಕ್ಕೆ ಪಿಂಗ್ ಓಡಿಸುತ್ತಲೇ ದೊಡ್ಡ ಫೈಲೊಂದನ್ನು ಅಪ್‌ಲೋಡ್ ಮಾಡಿ. 15 ಇದ್ದ ಅಂಕಿ 300 ದಾಟಿದರೆ ಇದೇ ತೊಂದರೆ. ರೌಟರಿನಲ್ಲಿ ಕ್ಯೂಒಎಸ್ (ಯಾವುದಕ್ಕೆ ಮೊದಲು ದಾರಿ ಎಂದು ನಿರ್ಧರಿಸುವ ಸೆಟ್ಟಿಂಗ್) ಇದ್ದರೆ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು ಟೆಸ್ಟಿನಲ್ಲಿ ಬಂದ ವೇಗದ ಶೇ 85ರಿಂದ 90ಕ್ಕೆ ಕಟ್ಟಿಹಾಕಿ. ಕ್ಯೂಒಎಸ್ ಇಲ್ಲದಿದ್ದರೆ ಫೋನುಗಳ ಬ್ಯಾಕಪ್ಪನ್ನು ರಾತ್ರಿಗೆ ಮುಂದೂಡಿ.

ನಿಮ್ಮದೇ ಕಂಪ್ಯೂಟರಿನಲ್ಲಿ ಯಾವುದು ತಿನ್ನುತ್ತಿದೆ ಎಂದು ನೋಡಲು ಟಾಸ್ಕ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಕಾಲಮಿನ ತಲೆಯ ಮೇಲೆ ಕ್ಲಿಕ್ ಮಾಡಿ. ಒನ್‌ಡ್ರೈವ್, ವಿಂಡೋಸ್ ಅಪ್‌ಡೇಟ್, ಆಟಗಳ ಅಪ್‌ಡೇಟ್ ಸಾಮಾನ್ಯವಾಗಿ ಮೇಲೆ ಬರುತ್ತವೆ.

ರಾತ್ರಿ 8ರಿಂದ 11ರವರೆಗೆ ಮಾತ್ರ ನಿಧಾನ.

ರಾತ್ರಿ ಒಂಬತ್ತಕ್ಕೂ ಬೆಳಿಗ್ಗೆ ಆರಕ್ಕೂ ಕೇಬಲ್ ಹಾಕಿ ಟೆಸ್ಟ್ ಮಾಡಿ. ಕೇಬಲ್‌ನಲ್ಲೂ ರಾತ್ರಿ ಕುಸಿದರೆ ನಿಮ್ಮ ಬಡಾವಣೆಗೆ ಕಂಪನಿ ಕೊಟ್ಟ ದಾರಿ ಕಿರಿದಾಗಿದೆ. ಕೇಬಲ್‌ನಲ್ಲಿ ಸರಿಯಿದ್ದರೆ ನೆರೆಯವರ ವೈಫೈ ಗದ್ದಲ, ಚಾನೆಲ್ ಬದಲಿಸಿ. ಕುಸಿತ ರಾತ್ರಿಗಳಿಗಲ್ಲದೆ ತಿಂಗಳ ಕೊನೆಗೆ ಬರುವುದಾದರೆ ಪ್ಲಾನಿನ ಸಣ್ಣಕ್ಷರ ಓದಿ. ‘ಅನ್‌ಲಿಮಿಟೆಡ್’ ಪ್ಲಾನುಗಳಿಗೂ ಡೇಟಾ ಮಿತಿ ಇರುತ್ತದೆ, ದಾಟಿದರೆ ವೇಗ ಇಳಿಸುತ್ತಾರೆ.

ರೌಟರ್ ತಾನಾಗೇ ಆಫ್ ಆಗಿ ಆನ್ ಆಗತ್ತೆ.

ಮೊದಲ ಅನುಮಾನ ಪವರ್ ಅಡಾಪ್ಟರಿನ ಮೇಲೆ. ಕರೆಂಟು ಹೋಗಿ ಬರುವ ಊರುಗಳಲ್ಲಿ ರೌಟರಿಗಿಂತ ಮೊದಲು ಸಾಯುವುದು ಅಡಾಪ್ಟರ್. ದೀಪಗಳೆಲ್ಲ ಉರಿಯುತ್ತಿರುತ್ತವೆ, ಹೊರೆ ಬಿದ್ದಾಗ ವೋಲ್ಟೇಜ್ ಕುಸಿದು ರೌಟರ್ ಮರುಚಾಲೂ ಆಗುತ್ತದೆ. ಹೊಸದು ತರುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು: 12 ಇದ್ದರೆ 12, 9 ಇದ್ದರೆ 9. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಬೇಡ. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂಬ ಚಿತ್ರ ಎರಡರ ಮೇಲೂ ಒಂದೇ ಇರಬೇಕು.

ಇನ್ವರ್ಟರ್ ಇದ್ದರೂ ಬದಲಾಗುವ ಕ್ಷಣದಲ್ಲಿ ರೌಟರ್ ಆರಿ ಎರಡು ಮೂರು ನಿಮಿಷ ನೆಟ್ ಹೋಗುತ್ತದೆ. ರೌಟರಿಗೆಂದೇ ಸಿಗುವ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿದರೆ ಇದು ತಪ್ಪುತ್ತದೆ. ಫೈಬರ್ ಡಬ್ಬವೂ ರೌಟರೂ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು.

ರಿಸೆಟ್ ಬಟನ್ ಒತ್ತಿದರೆ ಸರಿಹೋಗತ್ತಾ?

ದಯವಿಟ್ಟು ಒತ್ತಬೇಡಿ. ಸ್ವಿಚ್ ಆರಿಸಿ ಹಾಕುವುದು ರೀಸ್ಟಾರ್ಟ್. ಪಿನ್ ಚುಚ್ಚಿ ಒತ್ತುವುದು ರಿಸೆಟ್. ಅದು ಕಂಪನಿಯವರು ಹಾಕಿಕೊಟ್ಟ ಪಿಪಿಪಿಒಇ (ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಹೆಸರು, ಪಾಸ್‌ವರ್ಡು, ಲೈನಿನ ವಿಲ್ಯಾನ್ ಸಂಖ್ಯೆ ಎಲ್ಲವನ್ನೂ ಅಳಿಸಬಹುದು. ಆಮೇಲೆ ಇದ್ದ ನಿಧಾನದ ನೆಟ್ಟೂ ಇರುವುದಿಲ್ಲ. ಒತ್ತಲೇಬೇಕಿದ್ದರೆ ರೌಟರಿನ ವ್ಯಾನ್ (ಹೊರಗಿನ ಲೈನಿನ ಸೆಟ್ಟಿಂಗ್) ಪುಟದ ಫೋಟೋ ತೆಗೆದಿಟ್ಟುಕೊಂಡು, ಆ ಪಾಸ್‌ವರ್ಡನ್ನು ಕಂಪನಿಯಿಂದ ಕೇಳಿ ಪಡೆದ ಮೇಲೆ ಒತ್ತಿ.

ಮಹಡಿ ಮೇಲಿನ ರೂಮಿಗೆ ರಿಪೀಟರ್ ತರಬೇಕೋ, ಮೆಶ್ ತರಬೇಕೋ?

ಕೇಬಲ್ ಎಳೆಯಲು ಸಾಧ್ಯವಿದ್ದರೆ ಬೇರೆ ಯೋಚನೆಯೇ ಬೇಡ. ಕ್ಯಾಟ್ 6 ಕೇಬಲ್ ಎಳೆದು, ಮೇಲೆ ಹಳೆಯ ರೌಟರೊಂದನ್ನೇ ಆಕ್ಸೆಸ್ ಪಾಯಿಂಟ್ ಆಗಿ ಇಡಿ. ಮನೆ ಕಟ್ಟಿಸುತ್ತಿರುವವರು ಪ್ರತಿ ರೂಮಿಗೂ ಕರೆಂಟ್ ಪೈಪಿನಿಂದ ಬೇರೆಯಾದ ಒಂದು ಖಾಲಿ ಪೈಪು ಹಾಕಿಸಿ.

ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ. ಅದನ್ನು ಸಿಗ್ನಲ್ ಇಲ್ಲದ ರೂಮಿನಲ್ಲೇ ಇಡುವುದು ಎಲ್ಲ ಕಡೆ ಕಾಣುವ ತಪ್ಪು. ರಿಪೀಟರಿಗೇ ಸಿಗದ ಸಿಗ್ನಲ್ಲನ್ನು ಅದು ಹಂಚುವುದೆಲ್ಲಿಂದ? ನಡುದಾರಿಯಲ್ಲಿ, -60ರಿಂದ -67 ಸಿಗುವ ಜಾಗದಲ್ಲಿ ಇಡಬೇಕು. ಒಂದೇ ಜಾಲವಾಗಿ ಕೆಲಸ ಮಾಡುವ ಎರಡು ಮೂರು ಡಬ್ಬಗಳ ಮೆಶ್ ಇದಕ್ಕಿಂತ ಒಳ್ಳೆಯದು, ಆದರೆ ದಪ್ಪ ಕಲ್ಲಿನ ಗೋಡೆ ಅದಕ್ಕೂ ಗೋಡೆಯೇ.

ಕೇಬಲ್ ಹಾಕಿದರೂ 94ರ ಮೇಲೆ ಹೋಗಲ್ಲ, ಪ್ಲಾನ್ 300.

94 ಎಂಬ ಅಂಕಿಯೇ ಗುರುತು: ಎಲ್ಲೋ 100 ಎಂಬಿಪಿಎಸ್‌ನ ಲಿಂಕ್ ಇದೆ. ಗಿಗಾಬಿಟ್ ಓಡಲು ಕೇಬಲಿನ ಎಂಟೂ ತಂತಿಗಳು ಬೇಕು, 100ಕ್ಕೆ 1, 2, 3, 6ನೇ ತಂತಿಗಳು ಸಾಕು. ಉಳಿದ ನಾಲ್ಕರಲ್ಲಿ ಒಂದು ಕಡಿದಿದ್ದರೂ ಲಿಂಕ್ ಮೆಲ್ಲಗೆ 100ಕ್ಕೆ ಇಳಿಯುತ್ತದೆ, ಯಾವ ಸೂಚನೆಯನ್ನೂ ಕೊಡುವುದಿಲ್ಲ. ತುದಿಯ ಪಾರದರ್ಶಕ ಕನೆಕ್ಟರನ್ನು, ಪಿನ್ನುಗಳು ಮೇಲೆ ಕಾಣುವಂತೆ, ಬೆಳಕಿಗೆ ಹಿಡಿದು ನೋಡಿ. ಸಾಮಾನ್ಯವಾಗಿ ಎಡದಿಂದ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಇರುತ್ತದೆ. ಎಂಟೂ ತಂತಿಗಳ ತುದಿ ಕೊನೆಯವರೆಗೆ ಮುಟ್ಟಿರಬೇಕು. ಕೇಬಲ್ ಸರಿಯಿದ್ದರೆ ರೌಟರಿನ ಪೋರ್ಟ್ ನೋಡಿ. ಹಲವು ಫೈಬರ್ ಡಬ್ಬಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್, ಉಳಿದವು 100ರವು.

ಫೈಬರ್ ಡಬ್ಬದಲ್ಲಿ ಕೆಂಪು ದೀಪ ಬಂದಿದೆ.

ಎಲ್‌ಒಎಸ್ ಎಂಬ ದೀಪ ಕೆಂಪಾದರೆ ಬೆಳಕು ಒಳಗೆ ಬರುತ್ತಿಲ್ಲ. ಮನೆಯೊಳಗಿನ ಹಳದಿ ಅಥವಾ ಬಿಳಿ ತೆಳು ಎಳೆ ಎಲ್ಲಾದರೂ ಬಾಗಿಲಿಗೆ ಸಿಕ್ಕಿದೆಯೇ, ಚೂಪಾಗಿ ಮಡಚಿದೆಯೇ ನೋಡಿ. ಸುರುಳಿ ಸುತ್ತುವಾಗ ಅಂಗೈಯಗಲಕ್ಕಿಂತ ಚಿಕ್ಕದು ಬೇಡ. ಹಸಿರು ಕನೆಕ್ಟರನ್ನು ಕಿತ್ತು ಬೆರಳಿನಿಂದ ಒರೆಸಬೇಡಿ, ಬೆರಳಿನ ಎಣ್ಣೆಯಂಶವೇ ಬೆಳಕನ್ನು ತಡೆಯುತ್ತದೆ. ತುದಿಯನ್ನು ಕಣ್ಣಿನಿಂದ ನೇರ ನೋಡಬೇಡಿ, ಆ ಲೇಸರ್ ಕಾಣಿಸುವುದಿಲ್ಲ.

ಕೆಂಪು ಬಾರದೆ ನೆಟ್ ಮಾತ್ರ ಆಗಾಗ ಹೋಗುತ್ತಿದ್ದರೆ ಡಬ್ಬದ ಸ್ಟೇಟಸ್ ಪುಟದಲ್ಲಿ ಆರ್‌ಎಕ್ಸ್ ಪವರ್ (ಒಳಗೆ ಬರುವ ಬೆಳಕಿನ ಬಲ) ನೋಡಿ. -15ರಿಂದ -24 ಡಿಬಿಎಂ ಒಳ್ಳೆಯದು. -27 ಸಾಮಾನ್ಯ ಡಬ್ಬಗಳ ಅಂಚು. ಮಳೆ ಬಂದಾಗಲೆಲ್ಲ ಈ ಅಂಕಿ ಕುಸಿದರೆ ಕಂಬದ ಮೇಲಿನ ಜಾಯಿಂಟಿಗೆ ನೀರು ಇಳಿಯುತ್ತಿದೆ ಎಂದು ಅನುಮಾನಿಸಿ.

ನಮ್ಮ ತೋಟದ ಮನೆಗೆ ಫೈಬರ್ ಬಂದಿಲ್ಲ, 4ಜಿ ರೌಟರ್ ಇದೆ.

ಇಲ್ಲಿ ಮುಖ್ಯ ಟವರಿನ ಕಡೆಯ ಸಿಗ್ನಲ್. ರೌಟರಿನ ಪುಟದಲ್ಲಿ ಆರ್‌ಎಸ್‌ಆರ್‌ಪಿ (ಟವರ್ ಸಿಗ್ನಲ್‌ನ ಬಲ) ಅಂಕಿ ನೋಡುತ್ತ, ಒಂದೊಂದು ಕಿಟಕಿಯಲ್ಲಿ ಐದು ನಿಮಿಷ ಇಟ್ಟು ಅಳೆಯಿರಿ. -90ಕ್ಕಿಂತ ಮೇಲಿದ್ದರೆ ಚೆನ್ನ, -110ರ ಕೆಳಗೆ ಕಷ್ಟ. ಅತ್ತ ಒಳ್ಳೆಯ ಅಂಕಿ ಸಿಕ್ಕ ಕಿಟಕಿಯಲ್ಲೇ ರೌಟರ್ ಬಿಟ್ಟು, ಅಲ್ಲಿಂದ ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಎಳೆಯಿರಿ.

ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ?

ಮ್ಯಾಕ್‌ನಲ್ಲಿ ಆಪ್ಷನ್ ಕೀಲಿ ಒತ್ತಿ ಹಿಡಿದು ವೈಫೈ ಗುರುತಿನ ಮೇಲೆ ಕ್ಲಿಕ್ ಮಾಡಿದರೆ ಆರ್‌ಎಸ್‌ಎಸ್‌ಐ (ಸಿಗ್ನಲ್ ಬಲ), ನಾಯ್ಸ್ (ಗದ್ದಲ), ಚಾನೆಲ್, ಟಿಎಕ್ಸ್ ರೇಟ್ ಎಲ್ಲ ಕಾಣುತ್ತದೆ. ಮೊದಲ ಎರಡರ ನಡುವೆ 25ರ ಅಂತರವಾದರೂ ಇರಲಿ. ಉಬುಂಟು ಥರದ ಲಿನಕ್ಸ್‌ಗಳಲ್ಲಿ ತಡವರಿಕೆಗೆ ಹೆಚ್ಚಾಗಿ ಕಾರಣ ವೈಫೈ ಪವರ್‌ಸೇವ್. ನೆಟ್‌ವರ್ಕ್ ಮ್ಯಾನೇಜರಿನ ಸೆಟ್ಟಿಂಗ್ ಫೈಲಿನಲ್ಲಿ ಪವರ್‌ಸೇವ್‌ನ ಬೆಲೆ 3 ಇದ್ದದ್ದನ್ನು 2 ಮಾಡಿ ಮರುಚಾಲೂ ಮಾಡಿ.

ಕಂಪನಿಯವರಿಗೆ ಹೇಗೆ ದೂರು ಕೊಟ್ಟರೆ ಕೆಲಸ ಆಗತ್ತೆ?

‘ನೆಟ್ ಸ್ಲೋ’ ಎಂದರೆ ‘ರೌಟರ್ ಆಫ್ ಮಾಡಿ ಆನ್ ಮಾಡಿ’ ಎನ್ನುತ್ತಾರೆ. ಅದರ ಬದಲು ‘ಲ್ಯಾನ್ ಕೇಬಲ್‌ನಲ್ಲಿ ನಿನ್ನೆ ರಾತ್ರಿ 9ಕ್ಕೆ 18, ಬೆಳಿಗ್ಗೆ 6ಕ್ಕೆ 97 ಬಂದಿದೆ, ರೌಟರಿಗೆ ಪಿಂಗ್ ತಪ್ಪುತ್ತಿಲ್ಲ, 8.8.8.8ಕ್ಕೆ ಶೇ 6 ತಪ್ಪುತ್ತಿದೆ, ಆರ್‌ಎಕ್ಸ್ ಪವರ್ -28’ ಎಂದು ಹೇಳಿ. ಸ್ಕ್ರೀನ್‌ಶಾಟ್‌ಗಳನ್ನು ಗಂಟೆ, ತಾರೀಖು ಕಾಣುವಂತೆ ಇಟ್ಟುಕೊಳ್ಳಿ. ವೈಫೈನಲ್ಲಿ ಅಳೆದ ವೇಗವನ್ನು ಅವರು ಒಪ್ಪುವುದಿಲ್ಲ, ಒಪ್ಪದಿರುವುದಕ್ಕೆ ಕಾರಣವೂ ಇದೆ.

ದೂರಿನ ಡಾಕೆಟ್ ಸಂಖ್ಯೆ ತಪ್ಪದೆ ಬರೆದುಕೊಳ್ಳಿ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದಂತೆ ದೂರು ಬಗೆಹರಿಯದಿದ್ದರೆ ಅಥವಾ ಉತ್ತರ ಸಮಾಧಾನ ತಾರದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, 39 ದಿನದೊಳಗೆ ಅದು ತೀರ್ಮಾನ ಕೊಡಬೇಕು. ಮೇಲ್ಮನವಿಗೆ ಈ ಡಾಕೆಟ್ ಸಂಖ್ಯೆಯೇ ಆಧಾರ. ತಂತ್ರಜ್ಞ ಮನೆಗೆ ಬಂದು ಹೋಗುವ ಮೊದಲು, ಅವರ ಎದುರಿಗೇ ಕೇಬಲ್ ಹಾಕಿ ಮತ್ತೊಮ್ಮೆ ಅಳೆಯಿರಿ. ಅಂಕಿ ಸರಿಬರದೆ ದೂರು ಮುಚ್ಚಲು ಕೇಳುವ ಒಟಿಪಿ ಕೊಡಬೇಡಿ.